ಸೈಕಲ್‌ಗೆ ನಿಯಮ ಬರಲಿದೆ: ರಕ್ಷಣೆಗೋ, ನಿರ್ಬಂಧಕ್ಕೋ?

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಇದಾಗಿ ಎರಡು ವಾರಕ್ಕೆ, ಅಕ್ಟೋಬರ್ 7ರಂದು, ಸುಪ್ರೀಂ ಕೋರ್ಟ್‌ನಿಂದ ಒಂದು ಆದೇಶ ಬಂತು. ಪಾದಚಾರಿಗಳು ಮತ್ತು ಮೋಟಾರಿಲ್ಲದ ವಾಹನಗಳು ರಸ್ತೆ ಬಳಸುವ ಬಗ್ಗೆ ರಾಜ್ಯಗಳು ಆರು ತಿಂಗಳೊಳಗೆ ನಿಯಮ ರೂಪಿಸಬೇಕು ಎಂದು ಕೋರ್ಟ್ ಹೇಳಿತು.

ಮೊದಲ ಸುದ್ದಿ ಓದಿದಾಗ ಸರ್ಕಾರ ಸೈಕಲ್‌ಗೆ ಬೆನ್ನು ತಟ್ಟುತ್ತಿದೆ ಅನ್ನಿಸುತ್ತದೆ. ಎರಡನೆಯದು ಓದಿದವರಿಗೆ ಗೊಂದಲ. ಇನ್ನು ಮುಂದೆ ಸೈಕಲ್‌ಗೂ ಲೈಸೆನ್ಸ್ ಬೇಕಾ? ಹೆಲ್ಮೆಟ್ ಇಲ್ಲದಿದ್ದರೆ ದಂಡ ಹಾಕ್ತಾರಾ? ಮುಖ್ಯರಸ್ತೆಗೆ ಬರಲೇಬಾರದು ಅಂತಾರಾ? ಬೆಂಗಳೂರಿನಂಥ ಊರಿನಲ್ಲಿ ದಿನಾ ಸೈಕಲ್ ತುಳಿದು ಕೆಲಸಕ್ಕೆ ಹೋಗುವವರಿಗೆ ಇವು ಸಣ್ಣ ಪ್ರಶ್ನೆಗಳಲ್ಲ. ಅವರ ದುಡಿಮೆಯೇ ಆ ಎರಡು ಚಕ್ರದ ಮೇಲೆ ನಿಂತಿದೆ.

ಕೋರ್ಟ್ ಹೇಳಿದ್ದೇನು

ಈ ಪ್ರಕರಣ ಹಳೆಯದು. ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ ರಸ್ತೆ ಸುರಕ್ಷತೆಗಾಗಿ 2012ರಲ್ಲಿ ಹಾಕಿದ ಅರ್ಜಿ ಇದು. ಅದರ ಮೇಲೆ ಕೋರ್ಟ್ ಆಗಾಗ ಆದೇಶ ಕೊಡುತ್ತಾ ಬಂದಿದೆ. ಈ ಬಾರಿ ಗಮನ ಹರಿದದ್ದು ಪಾದಚಾರಿಗಳ ಕಡೆಗೆ. ದೊಡ್ಡ ನಗರಗಳಲ್ಲಿ ಫುಟ್‌ಪಾತ್‌ಗಳ ತಪಾಸಣೆ ಆಗಬೇಕು, ದ್ವಿಚಕ್ರ ವಾಹನ ಸವಾರರಿಗೆ ಹೆಲ್ಮೆಟ್ ನಿಯಮ ಬಿಗಿಯಾಗಿ ಜಾರಿಯಾಗಬೇಕು ಎಂಬ ಮಾತುಗಳೂ ಅದರಲ್ಲಿವೆ. ಗೊಂದಲ ಹುಟ್ಟಿದ್ದು ಇಲ್ಲೇ. ಹೆಲ್ಮೆಟ್‌ನ ಮಾತು ಮೋಟಾರು ದ್ವಿಚಕ್ರ ವಾಹನಕ್ಕೆ ಸಂಬಂಧಿಸಿದ್ದು. ಮೋಟಾರು ವಾಹನ ಕಾಯ್ದೆಯ ಹೆಲ್ಮೆಟ್ ನಿಯಮ ಸೈಕಲ್‌ಗೆ ಅನ್ವಯಿಸುವುದಿಲ್ಲ. ಲೈಸೆನ್ಸ್ ಕೂಡ ಬೇಕಾಗಿಲ್ಲ. ಹೆಲ್ಮೆಟ್ ಹಾಕಿಕೊಂಡರೆ ಒಳ್ಳೆಯದು, ಅದು ಬೇರೆ ವಿಷಯ.

ಸೈಕಲ್‌ಗೆ ನಿಜವಾಗಿ ತಟ್ಟುವುದು ಕಾಯ್ದೆಯ ಎರಡು ಸೆಕ್ಷನ್‌ಗಳು. 2019ರ ತಿದ್ದುಪಡಿಯಲ್ಲಿ ಸೇರಿದ 138(1ಎ) ಒಂದು. ಮೋಟಾರಿಲ್ಲದ ವಾಹನಗಳು ಮತ್ತು ಪಾದಚಾರಿಗಳು ಸಾರ್ವಜನಿಕ ಸ್ಥಳಗಳಲ್ಲಿ, ರಾಷ್ಟ್ರೀಯ ಹೆದ್ದಾರಿಗಳಲ್ಲಿ ಹೇಗೆ ಓಡಾಡಬೇಕು, ಎಲ್ಲಿಗೆ ಪ್ರವೇಶ ಇರಬೇಕು ಎಂದು ರಾಜ್ಯ ಸರ್ಕಾರ ನಿಯಮ ಮಾಡಬಹುದು ಎನ್ನುತ್ತದೆ ಅದು. ಇನ್ನೊಂದು 210ಡಿ. ರಾಷ್ಟ್ರೀಯ ಹೆದ್ದಾರಿ ಬಿಟ್ಟು ಉಳಿದ ರಸ್ತೆಗಳ ವಿನ್ಯಾಸ, ನಿರ್ಮಾಣ, ನಿರ್ವಹಣೆ ಹೇಗಿರಬೇಕು ಎಂದು ನಿಯಮ ಮಾಡುವ ಅಧಿಕಾರ ಇದರಿಂದ ಸಿಗುತ್ತದೆ.

ಎರಡಕ್ಕೂ ಇರುವ ವ್ಯತ್ಯಾಸ ನೋಡಿ. 138(1ಎ) ಸವಾರನನ್ನು ನೋಡುತ್ತದೆ. 210ಡಿ ರಸ್ತೆಯನ್ನು ನೋಡುತ್ತದೆ. ಮೊದಲನೆಯದನ್ನೇ ಹಿಡಿದುಕೊಂಡು ರಾಜ್ಯ ಸರ್ಕಾರ ನಿಯಮ ಬರೆದರೆ ‘ಈ ರಸ್ತೆಗೆ ಸೈಕಲ್ ಬರುವಂತಿಲ್ಲ’ ಎಂಬ ಸಾಲೂ ಸುರಕ್ಷತೆಯ ಹೆಸರಿನಲ್ಲೇ ಬರಬಹುದು. ಎರಡನೆಯದನ್ನೂ ಅಷ್ಟೇ ಗಂಭೀರವಾಗಿ ಹಿಡಿದರೆ ‘ಇಷ್ಟು ಅಗಲದ ರಸ್ತೆಯಲ್ಲಿ ಸೈಕಲ್‌ಗೆ ಬೇರೆ ಜಾಗ ಬಿಡಲೇಬೇಕು’ ಎಂದು ಬರೆಯಬಹುದು. ಕಾಯ್ದೆ ಎರಡೂ ದಾರಿ ತೆರೆದಿಟ್ಟಿದೆ. ಆತಂಕ ಏನೆಂದರೆ, ನಿರ್ಬಂಧಕ್ಕೆ ಖರ್ಚಿಲ್ಲ, ಒಂದು ಬೋರ್ಡ್ ನೆಟ್ಟರೆ ಮುಗಿಯಿತು. ಸೈಕಲ್ ಲೇನ್‌ಗೆ ಜಾಗ ಬೇಕು, ದುಡ್ಡು ಬೇಕು, ವರ್ಷಾನುಗಟ್ಟಲೆ ನೋಡಿಕೊಳ್ಳುವವರು ಬೇಕು.

ಅಗ್ಗವಾದದ್ದು ಸೈಕಲ್ ಒಂದೇ ಅಲ್ಲ

ತೆರಿಗೆ ಇಳಿಕೆ ಸೈಕಲ್ ಬಳಕೆಯನ್ನು ಹೆಚ್ಚಿಸುತ್ತದೆ ಎಂಬ ನಿರೀಕ್ಷೆಯನ್ನೂ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ತೆರಿಗೆ ಬಿಟ್ಟು 10,000 ರೂಪಾಯಿ ಬೆಲೆಯ ಸೈಕಲ್ ಮೊದಲು 11,200ಕ್ಕೆ ಸಿಗುತ್ತಿತ್ತು, ಈಗ 10,500. ಉಳಿಯುವುದು 700 ರೂಪಾಯಿ, ಅಂದರೆ ಶೇ 6.25. ಆದರೆ ಅದೇ ದಿನ 350 ಸಿಸಿವರೆಗಿನ ಬೈಕ್, ಸ್ಕೂಟರ್‌ಗಳ ತೆರಿಗೆಯೂ ಶೇ 28ರಿಂದ ಶೇ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು ಒಂದು ಲಕ್ಷದ ಸ್ಕೂಟರ್ 1.28 ಲಕ್ಷದಿಂದ 1.18 ಲಕ್ಷಕ್ಕೆ ಬಂತು. ಇಳಿಕೆ ಸುಮಾರು ಶೇ 7.8. ಸಣ್ಣ ಕಾರುಗಳಿಗೂ ಶೇ 18ರ ದರವೇ ಬಂತು.

ಹಾಗಾಗಿ ಸೈಕಲ್ ಬೆಲೆ ಇಳಿದದ್ದು ನಿಜ, ಆದರೆ ಸ್ಕೂಟರ್ ಇನ್ನೂ ಸ್ವಲ್ಪ ಜಾಸ್ತಿ ಇಳಿಯಿತು. ಸೈಕಲ್ ಬಿಟ್ಟು ಸ್ಕೂಟರ್ ಕೊಳ್ಳಬೇಕು ಎಂದು ದುಡ್ಡು ಕೂಡಿಡುತ್ತಿದ್ದವರಿಗೆ ಆ ಜಿಗಿತ ಸುಲಭವಾಯಿತು. ಸೈಕಲ್ ಕೊಳ್ಳಲು ಬರುವ ಬಡ ಕುಟುಂಬಕ್ಕೆ 700 ರೂಪಾಯಿ ದೊಡ್ಡ ಮೊತ್ತವೇ, ಅದನ್ನು ಹಗುರ ಮಾಡುವಂತಿಲ್ಲ. ಆದರೆ ನಗರದಲ್ಲಿ ಜನ ಸೈಕಲ್ ಬಿಟ್ಟದ್ದು ಅದರ ಬೆಲೆ ನೋಡಿ ಅಲ್ಲ. ರಸ್ತೆ ನೋಡಿ.

ಯಾರು ತುಳಿಯುತ್ತಿದ್ದಾರೆ, ಯಾಕೆ

ಸೈಕಲ್ ಸವಾರ ಎಂದರೆ ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೊರಟ, ಬಿಗಿ ಉಡುಪಿನ ಯುವಕನ ಚಿತ್ರವೇ ಈಗ ಕಣ್ಣಿಗೆ ಬರುತ್ತದೆ. ಅವರೂ ಸವಾರರೇ. ಆದರೆ ಬೆಂಗಳೂರಿನಲ್ಲಿ ವಾರಪೂರ್ತಿ ಸೈಕಲ್ ತುಳಿಯುವವರು ಬೇರೆ. ಪೇಪರ್ ಹಾಕುವ ಹುಡುಗರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು, ಪೀಣ್ಯ ಮತ್ತು ಬೊಮ್ಮಸಂದ್ರದ ಕಾರ್ಖಾನೆಗಳ ಕೆಲಸಗಾರರು, ಕಟ್ಟಡ ಕೆಲಸದವರು, ಕ್ಯಾರಿಯರ್‌ಗೆ ಫ್ಲಾಸ್ಕ್ ಕಟ್ಟಿಕೊಂಡು ರಾತ್ರಿ ಹೊತ್ತು ಟೀ ಮಾರುವವರು. ಇವರ ಸೈಕಲ್‌ಗೆ ಗೇರ್ ಇರುವುದಿಲ್ಲ. ಎಷ್ಟೋ ಸಲ ಹಿಂದಿನ ದೀಪವೂ ಇರುವುದಿಲ್ಲ.

2011ರ ಜನಗಣತಿಯ ಪ್ರಕಾರ, ಕೃಷಿ ಮತ್ತು ಮನೆ ಉದ್ಯಮ ಬಿಟ್ಟು ಬೇರೆ ಕೆಲಸ ಮಾಡುವವರಲ್ಲಿ ದೇಶದಲ್ಲಿ ನೂರಕ್ಕೆ ಸುಮಾರು 13 ಮಂದಿ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಅದಾದ ಮೇಲೆ ಜನಗಣತಿಯೇ ನಡೆದಿಲ್ಲ. ಮುಂದಿನದು 2027ಕ್ಕೆ. ಲೆಕ್ಕಕ್ಕೆ ಸಿಗದವರಿಗೆ ಯೋಜನೆಯಲ್ಲೂ ಜಾಗ ಸಿಗುವುದಿಲ್ಲ.

ಇವರು ಯಾಕೆ ತುಳಿಯುತ್ತಾರೆ ಎಂಬುದಕ್ಕೆ ಸರಳ ಲೆಕ್ಕ ಇದೆ. ದಿನಕ್ಕೆ 20 ಕಿ.ಮೀ. ಓಡಾಟ, ತಿಂಗಳಿಗೆ 25 ದಿನ ಎಂದರೆ 500 ಕಿ.ಮೀ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರ್‌ಗೆ 11 ಲೀಟರ್ ಪೆಟ್ರೋಲ್ ಬೇಕು. ನೂರು ರೂಪಾಯಿ ದಾಟಿದ ಪೆಟ್ರೋಲ್ ಬೆಲೆಯಲ್ಲಿ ಅದೇ 1,100 ರೂಪಾಯಿ ಮೀರುತ್ತದೆ. ಸರ್ವಿಸ್, ವಿಮೆ, ಸಾಲದ ಕಂತು ಬೇರೆ. 2025ರ ಜನವರಿಯಲ್ಲಿ ಬಿಎಂಟಿಸಿ ದರ ಏರಿತು, ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಬಸ್ ಉಚಿತ. ಕಡಿಮೆ ಸಂಬಳದ ಗಂಡಸರಿಗೆ ಆ ಅನುಕೂಲ ಇಲ್ಲ, ಅವರಿಗೆ ಉಳಿಯುವುದು ಸೈಕಲ್ಲೇ.

ಇನ್ನೊಂದು ಗುಂಪು ಇದೆ, ಇನ್ನೂ ತುಳಿಯದ ಆದರೆ ತುಳಿಯಬಹುದಾದ ಗುಂಪು. ಮನೆಯಿಂದ ಮೆಟ್ರೊ ಸ್ಟೇಷನ್ನಿಗೆ ಒಂದೂವರೆ, ಎರಡು ಕಿಲೋಮೀಟರ್ ಇರುವವರು ಇವರು. 2025ರ ಆಗಸ್ಟ್‌ನಿಂದ ಬೆಂಗಳೂರಿನ ಆಟೊ ಕನಿಷ್ಠ ದರ 36 ರೂಪಾಯಿ. ಹೋಗಿಬರಲು 72. ಮೆಟ್ರೊ ಟಿಕೆಟ್ಟಿಗಿಂತ ಸ್ಟೇಷನ್ ಮುಟ್ಟುವ ಖರ್ಚೇ ಜಾಸ್ತಿ ಆಗುವುದುಂಟು. ಹಾಗಾಗಿ ಜನ ‘ಇಷ್ಟಕ್ಕೆ ಬೈಕ್‌ನಲ್ಲೇ ಆಫೀಸಿಗೆ ಹೋದರಾಯಿತು’ ಎಂದುಕೊಳ್ಳುತ್ತಾರೆ. ಸ್ಟೇಷನ್ನಿಗೆ ಭಯವಿಲ್ಲದೆ ಸೈಕಲ್ ತುಳಿಯುವ ಹಾಗಿದ್ದು, ಅಲ್ಲಿ ಬೀಗ ಹಾಕಿ ನಿಲ್ಲಿಸುವ ಜಾಗ ಇದ್ದರೆ ಈ ತೀರ್ಮಾನ ಬದಲಾಗುತ್ತದೆ. ಮಡಚುವ ಸೈಕಲ್ ಇದ್ದವರು ಅದನ್ನು ರೈಲಿನೊಳಗೇ ಒಯ್ಯಲು ನಮ್ಮ ಮೆಟ್ರೊ 2021ರಲ್ಲೇ ಒಪ್ಪಿದೆ. ಆದರೆ ಅಂಥ ಸೈಕಲ್ ದುಬಾರಿ, ಎಲ್ಲರ ಕೈಗೆ ಎಟುಕುವುದಿಲ್ಲ.

ಸಮಯದ ಮಾತು ಇನ್ನೂ ಆಶ್ಚರ್ಯದ್ದು. ನಗರಗಳ ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಪಟ್ಟಿಯಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್. ಗಂಟೆಗೆ 17-18 ಕಿ.ಮೀ. ವೇಗ. ಗಂಟೆಗೆ 15 ಕಿ.ಮೀ. ತುಳಿಯುವ ಸಾಮಾನ್ಯ ಸೈಕಲ್ ಸವಾರನಿಗೆ ಅಷ್ಟೇ ದೂರಕ್ಕೆ 40 ನಿಮಿಷ ಸಾಕು. ಐದು ಕಿಲೋಮೀಟರ್ ಆದರೆ ವ್ಯತ್ಯಾಸ ಮೂರೇ ನಿಮಿಷ. ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಅದೂ ಕಳೆದುಹೋಗುತ್ತದೆ. ಅದಕ್ಕಿಂತ ಮುಖ್ಯವಾದ್ದು ಖಾತ್ರಿ. ಮಳೆ ಬಂದ ಸಂಜೆ ಕಾರಿನಲ್ಲಿ ಮನೆ ಮುಟ್ಟಲು ಒಂದು ಗಂಟೆಯೋ ಎರಡೋ ಹೇಳಲಾಗದು. ಸೈಕಲ್‌ನ ನಲವತ್ತು ನಿಮಿಷ ದಿನಾ ಹೆಚ್ಚುಕಡಿಮೆ ನಲವತ್ತೇ. ಬೆವರಿದರೂ, ನೆನೆದರೂ, ಹೊತ್ತಿಗೆ ಸರಿಯಾಗಿ ಮನೆ ಸೇರುವ ನೆಮ್ಮದಿ ದೊಡ್ಡದು. ತುಳಿಯುವವರು ಬಿಡದೆ ತುಳಿಯುವುದು ಇದಕ್ಕೇ. ಬೆಳಗ್ಗೆ ಆರಕ್ಕೆ ಲಾಲ್‌ಬಾಗ್ ಪಕ್ಕದ ರಸ್ತೆಯ ತಂಪು ಗಾಳಿಯಲ್ಲಿ ಕೆಲಸಕ್ಕೆ ಹೊರಡುವ ಸುಖಕ್ಕೂ ಅದರಲ್ಲಿ ಪಾಲಿದೆ.

ಸಂಕಟ ಶುರುವಾಗುವುದು ಸಿಗ್ನಲ್‌ನಲ್ಲಿ

ನೇರ ರಸ್ತೆಯಲ್ಲಿ ಎಡಗಡೆ ಅಂಚು ಹಿಡಿದು ಹೋಗುವುದು ಹೇಗೋ ನಡೆಯುತ್ತದೆ. ಆ ಅಂಚಿನಲ್ಲೇ ಚರಂಡಿಯ ಕಬ್ಬಿಣದ ಜಾಲರಿ ಇರುತ್ತದೆ. ಅದರ ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್‌ನ ಸಣ್ಣ ಟೈರು ನಡುವೆ ಇಳಿದು ಸಿಕ್ಕಿಕೊಳ್ಳುತ್ತದೆ. ಸರಳು ಅಡ್ಡಕ್ಕೆ ಇದ್ದರೆ ತೊಂದರೆಯೇ ಇಲ್ಲ. ಕೂರಿಸುವಾಗ ಜಾಲರಿಯನ್ನು ತಿರುಗಿಸಿ ಇಟ್ಟರೆ ಒಂದು ಪೈಸೆ ಖರ್ಚಿಲ್ಲ. ಆದರೆ ಆ ದಾರಿಯಲ್ಲಿ ಸೈಕಲ್ ಬರುತ್ತದೆ ಎಂಬ ಯೋಚನೆ ಕೂರಿಸುವವರಿಗೆ ಇರಬೇಕು.

ನಿಜವಾದ ಅಪಾಯ ಜಂಕ್ಷನ್‌ನಲ್ಲಿ. ಸವಾರ ಎಡ ಅಂಚಿನಲ್ಲಿದ್ದಾನೆ, ನೇರ ಹೋಗಬೇಕು. ಅವನ ಬಲಕ್ಕೆ ಬಸ್ ಇದೆ, ಅದು ಎಡಕ್ಕೆ ತಿರುಗಬೇಕು. ಇಬ್ಬರಿಗೂ ಒಟ್ಟಿಗೆ ಹಸಿರು. ಬಸ್ಸಿನ ಚಾಲಕ ಕೂತಿರುವುದು ಬಲಬದಿಯಲ್ಲಿ, ಎಡಗಡೆ ಹಿಂಭಾಗದಲ್ಲಿರುವ ಸೈಕಲ್ ಅವರಿಗೆ ಕಾಣುವುದೇ ಕಷ್ಟ. ಬಸ್ ತಿರುಗುವಾಗ ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಹೋಗುವುದಿಲ್ಲ, ಒಳಕ್ಕೆ ಎಳೆದುಕೊಂಡು ತಿರುಗುತ್ತದೆ. ಸವಾರ ನಿಂತಿರುವುದು ಆ ಒಳಗಡೆಯೇ. ಇದರಲ್ಲಿ ಚಾಲಕನ ತಪ್ಪೂ ಇಲ್ಲ, ಸವಾರನ ತಪ್ಪೂ ಇಲ್ಲ. ಇಬ್ಬರನ್ನೂ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಕಳಿಸಿದ್ದು ರಸ್ತೆಯ ವಿನ್ಯಾಸ. ಫ್ರೀ ಲೆಫ್ಟ್ ಇರುವ ಕಡೆ ವಾಹನಗಳು ನಿಲ್ಲುವುದೇ ಇಲ್ಲವಾದ್ದರಿಂದ ಇದು ಇನ್ನೂ ಕಷ್ಟ.

ಮೇಲ್ಸೇತುವೆ ಬಂದ ಕಡೆ ಇನ್ನೊಂದು ಸಮಸ್ಯೆ. ಸೇತುವೆ ಹತ್ತಿದರೆ ವೇಗದ ವಾಹನಗಳ ನಡುವೆ ಏರು ತುಳಿಯಬೇಕು. ಕೆಳಗೆ ಹೋದರೆ ಕಂಬಗಳ ನಡುವಿನ ಗೊಂದಲದ ತಿರುವುಗಳು. ವೇಗ ಇಮ್ಮಡಿಯಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಇದು ಶಾಲೆಯಲ್ಲಿ ಕಲಿತ ಭೌತಶಾಸ್ತ್ರ. ಹಾಗಾಗಿ ರಾತ್ರಿ ರಸ್ತೆ ಖಾಲಿಯಾದಾಗ ಸೈಕಲ್ ಸವಾರನಿಗೆ ಅಪಾಯ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು. ಅವರಲ್ಲಿ 4,800ಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ನೂರಕ್ಕೆ ಮೂರರ ಆಸುಪಾಸು. ಇದನ್ನು ನೋಡಿ ಸೈಕಲ್ ಅಷ್ಟೇನೂ ಅಪಾಯ ಅಲ್ಲ ಎಂದುಕೊಳ್ಳುವುದು ಸರಿಯಲ್ಲ. ಅಪಾಯಕ್ಕೆ ಹೆದರಿ ಸೈಕಲ್ ಮೂಲೆಗಿಟ್ಟವರು, ಮಕ್ಕಳನ್ನು ಸೈಕಲ್‌ನಲ್ಲಿ ಶಾಲೆಗೆ ಕಳಿಸದ ತಾಯ್ತಂದೆಯರು ಈ ಅಂಕಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಹೊರ ವರ್ತುಲ ರಸ್ತೆಯ 17 ಕಿಲೋಮೀಟರ್

ಬೆಂಗಳೂರು ಪ್ರಯತ್ನ ಮಾಡಿಲ್ಲವೆಂದಲ್ಲ. ಜಯನಗರದ ರಸ್ತೆಗಳಲ್ಲಿ 2012ರ ಸುಮಾರಿಗೇ ಸೈಕಲ್ ಪಥ ಬಂತು. ವಾಹನ ನಿಲುಗಡೆ ಅದನ್ನು ನುಂಗಿತು. ಟೆಂಡರ್‌ಶ್ಯೂರ್ ಹೆಸರಿನಲ್ಲಿ ನಗರದ ನಡುವಿನ ಕೆಲವು ರಸ್ತೆಗಳು ಹೊಸದಾದವು. ಫುಟ್‌ಪಾತ್ ಚೆನ್ನಾಗಿ ಬಂತು, ಸೈಕಲ್ ಪಥ ಅಲ್ಲಲ್ಲಿ ಬಂದು ಅಲ್ಲಲ್ಲೇ ನಿಂತಿತು.

ಎಲ್ಲಕ್ಕಿಂತ ದೊಡ್ಡ ಪ್ರಯತ್ನ 2020ರದು. ಕೋವಿಡ್ ಕಾಲದಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ಹೊರ ವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ ಕಡೆಯ ಲೌರಿ ಶಾಲೆ ಜಂಕ್ಷನ್‌ವರೆಗೆ, ಸುಮಾರು 17 ಕಿ.ಮೀ. ತಾತ್ಕಾಲಿಕ ಸೈಕಲ್ ಲೇನ್ ಮಾಡಿತು. ರಸ್ತೆಗೆ ಬಣ್ಣ ಬಳಿದು, ಪುಟ್ಟ ಕಂಬಗಳನ್ನು ನೆಟ್ಟರು. ಐಟಿ ಕಂಪನಿಗಳು ಸಾಲಾಗಿ ನಿಂತಿರುವ ರಸ್ತೆ ಅದು. ಅವುಗಳ ಕಾವಲು, ಸ್ವಚ್ಛತೆ, ಕ್ಯಾಂಟೀನ್ ಕೆಲಸದ ಸಾವಿರಾರು ಜನರೂ ಓಡಾಡುವ ದಾರಿ. ಅದೇ ವರ್ಷ, ಸೈಕಲ್‌ಗೆ ಅನುಕೂಲ ಮಾಡುವ ನಗರಗಳಿಗಾಗಿ ಕೇಂದ್ರದ ‘ಸೈಕಲ್ಸ್ ಫಾರ್ ಚೇಂಜ್’ ಸ್ಪರ್ಧೆ ಶುರುವಾಯಿತು. ಮುಂದೆ ಗೆದ್ದ 11 ನಗರಗಳಲ್ಲಿ ಬೆಂಗಳೂರೂ ಒಂದಾಯಿತು.

ಆ ಲೇನ್ ಉಳಿಯಲಿಲ್ಲ. ವಾಹನ ಬಡಿದು ಕಂಬಗಳು ಮುರಿದವು, ಮುರಿದದ್ದನ್ನು ಮತ್ತೆ ನೆಡಲಿಲ್ಲ. ಕಂಬ ಹೋದ ಕಡೆ ಬೈಕ್‌ಗಳು ನುಗ್ಗಿದವು, ಬೈಕ್ ನುಗ್ಗಿದ ಕಡೆ ಕಾರು ನಿಂತವು. ಅಷ್ಟರಲ್ಲಿ ಮೆಟ್ರೊದ ನೀಲಿ ಮಾರ್ಗದ ಕಾಮಗಾರಿ ಅದೇ ರಸ್ತೆಯಲ್ಲಿ ಶುರುವಾಯಿತು. ಬ್ಯಾರಿಕೇಡ್ ಬಂದ ಮೇಲೆ ಇದ್ದ ಜಾಗವನ್ನೆಲ್ಲ ಮೋಟಾರು ವಾಹನಗಳಿಗೇ ಬಿಡಬೇಕಾಯಿತು. 2019ರಲ್ಲಿ ಅಲ್ಲೇ ಮಾಡಿದ್ದ ಬಸ್ ಆದ್ಯತಾ ಪಥಕ್ಕೂ ಇದೇ ಗತಿ.

ಯಾರೋ ಒಬ್ಬ ಅಧಿಕಾರಿ ಕೆಟ್ಟವರು ಎಂದು ಇದಕ್ಕೆ ಕಾರಣ ಹುಡುಕಿದರೆ ಸಿಗುವುದಿಲ್ಲ. ಲೇನ್ ಯೋಜಿಸಿದ್ದು ಒಂದು ಇಲಾಖೆ. ರಸ್ತೆ ಪಾಲಿಕೆಯದು. ಅಡ್ಡ ನಿಲ್ಲಿಸಿದವರಿಗೆ ದಂಡ ಹಾಕಬೇಕಾದ್ದು ಸಂಚಾರ ಪೊಲೀಸರು. ಅಗೆಯುವುದು ಜಲಮಂಡಳಿ, ಬೆಸ್ಕಾಂ, ಮೆಟ್ರೊ. ಒಂದು ಕಂಬ ಮುರಿದರೆ ಯಾರು ಬಂದು, ಯಾವ ದುಡ್ಡಿನಲ್ಲಿ, ಎಷ್ಟು ದಿನದೊಳಗೆ ನೆಡಬೇಕು ಎಂಬುದಕ್ಕೆ ಉತ್ತರವೇ ಇರಲಿಲ್ಲ. ದಿಕ್ಕುದೆಸೆಯಿಲ್ಲದ ಲೇನ್ ಎಷ್ಟು ದಿನ ಉಳಿದೀತು? ಎಲ್ಲ ಸಾರಿಗೆಯನ್ನೂ ಒಂದೇ ಕಡೆ ತರಬೇಕೆಂದು 2022ರ ಡಿಸೆಂಬರ್‌ನಲ್ಲಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಮಸೂದೆ ಅಂಗೀಕಾರವಾಯಿತು. 2025ರ ಸೆಪ್ಟೆಂಬರ್‌ನಿಂದ ಪಾಲಿಕೆಯೇ ಐದಾಗಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ. ಉದ್ದದ ರಸ್ತೆಗಳು ಪಾಲಿಕೆಗಳ ಗಡಿ ನೋಡಿಕೊಂಡು ಹೋಗುವುದಿಲ್ಲ ಅಲ್ವಾ? ಹೊಣೆ ಯಾರದು ಎಂಬುದನ್ನು ಬರವಣಿಗೆಯಲ್ಲಿ ಇಡದಿದ್ದರೆ ಈಗ ಮೊದಲಿಗಿಂತ ಜಾಸ್ತಿ ಕೈಗಳಲ್ಲಿ ಅದು ಹಂಚಿಹೋಗುತ್ತದೆ.

‘ಲೇನ್ ಖಾಲಿ ಇದೆಯಲ್ಲ?’

ಸೈಕಲ್ ಲೇನ್‌ಗೆ ವಿರೋಧ ಮಾಡುವವರ ಮೊದಲ ಮಾತು ಇದು. ಎರಡು ಲೇನ್‌ನಲ್ಲಿ ವಾಹನ ಕಿಕ್ಕಿರಿದು ನಿಂತಿರುವಾಗ ಪಕ್ಕದಲ್ಲಿ ಖಾಲಿ ಪಟ್ಟಿ ಕಂಡರೆ ಸಿಟ್ಟು ಬರುವುದು ಸಹಜ. ಸಂಚಾರ ನಿರ್ವಹಿಸುವವರಿಗೂ ಅದೇ ಒತ್ತಡ. ಇದನ್ನು ಸುಮ್ನೆ ತಳ್ಳಿಹಾಕಲಾಗದು.

ಆದರೆ ಖಾಲಿ ಯಾಕೆ ಇತ್ತು ಎಂದು ಕೇಳಬೇಕು. ಸವಾರ ಮನೆಯಿಂದ ಆಫೀಸಿಗೆ ಹೋಗುವ ಎಂಟು ಕಿಲೋಮೀಟರ್‌ನಲ್ಲಿ ಆರು ಕಿಲೋಮೀಟರ್ ಲೇನ್ ಇದ್ದು, ನಡುವೆ ಮಾರತ್ತಹಳ್ಳಿಯಂಥ ಜಂಕ್ಷನ್‌ನಲ್ಲಿ ಅದು ಕಾಣೆಯಾದರೆ, ಅವನು ಆ ಜಂಕ್ಷನ್ನಿಗೆ ಹೆದರಿ ಇಡೀ ದಾರಿಯನ್ನೇ ಬಿಡುತ್ತಾನೆ. ಅತಿ ಅಪಾಯದ ಐವತ್ತು ಮೀಟರ್ ಹೇಗಿದೆ ಎಂಬುದರ ಮೇಲೆ ಉಳಿದ ಕಿಲೋಮೀಟರ್‌ಗಳ ಬಳಕೆ ನಿಂತಿದೆ. ಲೇನ್ ತುಂಡುತುಂಡಾದ್ದರಿಂದ ಜನ ಬರಲಿಲ್ಲ. ಜನ ಬರಲಿಲ್ಲವೆಂದು ಲೇನ್ ತೆಗೆದರು. ತೆಗೆದ ಮೇಲೆ ಇದ್ದ ನಾಲ್ಕು ಜನರೂ ಬಿಟ್ಟರು. ಆಮೇಲೆ ‘ಬೆಂಗಳೂರಿನವರು ಸೈಕಲ್ ತುಳಿಯುವುದಿಲ್ಲ’ ಎಂಬ ತೀರ್ಪು.

ಸ್ಪೇನಿನ ಸೆವಿಲ್ಲೆ ನಗರ ಇದಕ್ಕೆ ಉತ್ತರ ಕೊಟ್ಟಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ಅದು, ಬೆಂಗಳೂರಿಗಿಂತ ಬಿಸಿ. 2006-07ರಲ್ಲಿ ಅಲ್ಲಿ ಸುಮಾರು 80 ಕಿ.ಮೀ. ಸೈಕಲ್ ಪಥವನ್ನು ಒಟ್ಟಿಗೇ, ಒಂದಕ್ಕೊಂದು ಕೂಡಿಸಿ, ವಾಹನಗಳಿಂದ ಬೇರ್ಪಡಿಸಿ ಕಟ್ಟಿದರು. ಅದಕ್ಕಾಗಿ ಸಾವಿರಾರು ಕಾರು ನಿಲುಗಡೆ ಜಾಗಗಳನ್ನು ತೆಗೆದರು. ಅದಕ್ಕೆ ಮೊದಲು ನಗರದ ನೂರು ಪ್ರಯಾಣಗಳಲ್ಲಿ ಒಂದೂ ಸೈಕಲ್‌ನದ್ದಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಆರು, ಏಳಕ್ಕೆ ಏರಿತು. ಊರು ಅದೇ, ಜನ ಅವರೇ, ಬಿಸಿಲೂ ಅದೇ. ಬದಲಾದದ್ದು ಜಾಲ ಕಡಿಯದೆ ಕೂಡಿಕೊಂಡದ್ದು. ಬೆಂಗಳೂರು ಸೆವಿಲ್ಲೆಯಷ್ಟು ಸಮತಟ್ಟಲ್ಲ, ಮಳೆಯೂ ಇಲ್ಲಿ ಜಾಸ್ತಿ. ಹಾಗಾಗಿ ಅಷ್ಟೇ ಫಲ ಬರುತ್ತದೆ ಎನ್ನಲಾಗದು. ಆದರೆ ತುಂಡು ಲೇನ್ ನೋಡಿ ಜನರ ಇಷ್ಟಾನಿಷ್ಟ ಅಳೆಯಬಾರದು ಎಂಬುದಂತೂ ಖಚಿತ.

ಬಸ್ಸಾ, ಸೈಕಲ್ಲಾ?

ಇನ್ನೊಂದು ವಿರೋಧ ಇದಕ್ಕಿಂತ ಗಟ್ಟಿಯದು. ರಸ್ತೆಯಲ್ಲಿ ಒಂದೇ ಲೇನ್ ಬಿಡಿಸಲು ಸಾಧ್ಯವಿದ್ದರೆ ಅದನ್ನು ಬಸ್‌ಗೆ ಕೊಡಿ, ಒಂದು ಬಸ್ಸಿನಲ್ಲಿ ಅರವತ್ತು ಎಪ್ಪತ್ತು ಜನ ಹೋಗುತ್ತಾರೆ ಎಂಬ ವಾದ. ಇದರಲ್ಲಿ ಹುರುಳಿದೆ. ಹೊರ ವರ್ತುಲ ರಸ್ತೆಯಂಥ ಕಡೆ ಬಸ್ ಪಥವೇ ಮೊದಲು ಬರಬೇಕು ಎಂದು ನನಗೂ ಅನ್ನಿಸುತ್ತದೆ.

ಆದರೆ ಜಗಳ ಹಚ್ಚಬೇಕಾದ್ದು ಬಸ್ಸಿಗೂ ಸೈಕಲ್‌ಗೂ ಅಲ್ಲ. ಸರ್ವಿಸ್ ರಸ್ತೆಯ ಎರಡೂ ಬದಿ ದಿನವಿಡೀ ಪುಕ್ಕಟೆ ನಿಂತಿರುವ ಕಾರುಗಳ ಜಾಗದ ಬಗ್ಗೆ ಮಾತಾಡಬೇಕು. ಸಾಗಬೇಕಾದ್ದು ವಾಹನ ಅಲ್ಲ, ಜನ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ಖರ್ಚು ಮಾತ್ರ ಆ ಕಡೆ ಹೋಗುತ್ತಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಯೋಜಿಸಿರುವ ಸುರಂಗ ರಸ್ತೆಯ ಉದ್ದ ಸುಮಾರು 17 ಕಿ.ಮೀ., ಅಂದಾಜು ವೆಚ್ಚ 17,000 ಕೋಟಿಗೂ ಮೇಲೆ. ಅದರೊಳಗೆ ಸೈಕಲ್ ಇರಲಿ, ದ್ವಿಚಕ್ರ ವಾಹನಕ್ಕೂ ಜಾಗ ಇಲ್ಲ ಎಂಬುದು ಯೋಜನೆ. ಸೈಕಲ್ ಸ್ಪರ್ಧೆ ಗೆದ್ದ ನಗರಗಳಿಗೆ ಸಿಕ್ಕ ಬಹುಮಾನ ತಲಾ ಒಂದು ಕೋಟಿ.

ಅಂಗಡಿಯವರ ಚಿಂತೆಯೂ ಇದೆ: ಮುಂದೆ ಗಾಡಿ ನಿಲ್ಲಿಸದಿದ್ದರೆ ವ್ಯಾಪಾರ ಹೋಗುತ್ತದೆ. ಇದಕ್ಕೆ ಊರಿಗೆಲ್ಲ ಒಂದೇ ಉತ್ತರ ಇಲ್ಲ. ಬೀದಿ ಬೀದಿ ನೋಡಿ, ಸರಕು ಇಳಿಸಲು ಹೊತ್ತು ನಿಗದಿ ಮಾಡಿ, ಅವರನ್ನು ಕೂರಿಸಿಕೊಂಡು ಮಾತಾಡಬೇಕು.

ಕೋಲ್ಕತ್ತ ಹಿಡಿದ ಸುಲಭದ ದಾರಿ

ನಿರ್ಬಂಧದ ಭಯ ಕಲ್ಪನೆಯದ್ದಲ್ಲ. ಸಂಚಾರಕ್ಕೆ ಅಡ್ಡಿ ಎಂದು ಕೋಲ್ಕತ್ತ ಪೊಲೀಸರು 2013ರಲ್ಲಿ 174 ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದರು. ಏಟು ಬಿದ್ದದ್ದು ಹಾಲು, ಪೇಪರ್, ತರಕಾರಿ ಸಾಗಿಸುವವರಿಗೆ. ಪ್ರತಿಭಟನೆ ನಡೆದ ಮೇಲೆ ಆ ಸಂಖ್ಯೆ 62ಕ್ಕೆ ಇಳಿಯಿತು. 2020ರಲ್ಲಿ ಕೋವಿಡ್ ಬಂದು ಬಸ್ಸು, ರೈಲು ನಿಂತಾಗ ಅದೇ ಪೊಲೀಸರು ನಿರ್ಬಂಧ ಸಡಿಲಿಸಬೇಕಾಯಿತು. ನಗರ ಕಷ್ಟದಲ್ಲಿದ್ದಾಗ ಕೆಲಸಕ್ಕೆ ಬಂದದ್ದು ಸೈಕಲ್ಲೇ.

ನಮ್ಮಲ್ಲೂ ಉದಾಹರಣೆ ಇದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್ ಜೊತೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶ ಇಲ್ಲ. ಅತಿ ವೇಗದ ಹೆದ್ದಾರಿಗೆ ಇದು ಒಪ್ಪುವ ಮಾತು, ಪಕ್ಕದಲ್ಲಿ ಸರ್ವಿಸ್ ರಸ್ತೆಯೂ ಇದೆ. ಆದರೆ ಅದೇ ತರ್ಕವನ್ನು ನಗರದೊಳಗಿನ ರಸ್ತೆಗೆ ತಂದರೆ ಸೈಕಲ್ ಸವಾರನಿಗೆ ಬೇರೆ ದಾರಿ ಎಲ್ಲಿದೆ? ಒಳರಸ್ತೆಗಳು ಒಂದಕ್ಕೊಂದು ಕೂಡುವುದಿಲ್ಲ. ಕೆರೆ, ರೈಲು ಹಳಿ, ರಕ್ಷಣಾ ಇಲಾಖೆಯ ಜಾಗ, ದೊಡ್ಡ ಲೇಔಟ್‌ಗಳ ಗೇಟು ಅಡ್ಡ ಬರುತ್ತವೆ. ಮುಖ್ಯರಸ್ತೆಯಿಂದ ಹೊರಹಾಕಿದರೆ ಎಷ್ಟೋ ಜನರಿಗೆ ಕೆಲಸಕ್ಕೆ ಹೋಗುವ ದಾರಿಯೇ ಮುಚ್ಚುತ್ತದೆ. ಅವರು ಸಾಲ ಮಾಡಿ ಹಳೆಯ ಬೈಕ್ ಕೊಳ್ಳುತ್ತಾರೆ. ಕೋಟಿ ದಾಟಿರುವ ಬೆಂಗಳೂರಿನ ವಾಹನ ಸಂಖ್ಯೆಗೆ ಇನ್ನಷ್ಟು ಸೇರುತ್ತದೆ. ಅದೇ ರಸ್ತೆ ಇನ್ನೂ ಇಕ್ಕಟ್ಟಾಗುತ್ತದೆ.

ಕರಡು ಬಂದಾಗ ನೋಡಬೇಕಾದ್ದು

ಕರ್ನಾಟಕದ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಪಾದಚಾರಿ ಮತ್ತು ಸೈಕಲ್ ಸವಾರರ ಹಕ್ಕಿನ ಬಗ್ಗೆ ನಗರ ಭೂ ಸಾರಿಗೆ ನಿರ್ದೇಶನಾಲಯ ‘ಆ್ಯಕ್ಟಿವ್ ಮೊಬಿಲಿಟಿ’ ಮಸೂದೆಯ ಕರಡನ್ನು ಕೆಲವು ವರ್ಷಗಳ ಹಿಂದೆಯೇ ಸಿದ್ಧ ಮಾಡಿತ್ತು. ಸೈಕಲ್ ಪಥದ ಅಳತೆ, ವಿನ್ಯಾಸಕ್ಕೆ ರಸ್ತೆ ಎಂಜಿನಿಯರ್‌ಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ ಇದೆ. ಈ ಎರಡನ್ನೂ 210ಡಿ ಅಡಿಯ ನಿಯಮಕ್ಕೆ ತಂದರೆ ಅವಕ್ಕೆ ಕಾನೂನಿನ ಬಲ ಬರುತ್ತದೆ. ಕಾಯ್ದೆಯಲ್ಲಿ 198ಎ ಸೆಕ್ಷನ್ ಕೂಡ ಇದೆ. ರಸ್ತೆಯ ವಿನ್ಯಾಸ, ನಿರ್ವಹಣೆಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶ ಇದೆ. ಮೊತ್ತ ಚಿಕ್ಕದು. ಆದರೆ ಮಾನದಂಡವೇ ಇಲ್ಲದಿದ್ದರೆ ಅಷ್ಟೂ ಹಾಕಲಾಗದು.

ನಿಯಮ ಬರೆಯುವವರು ಇನ್ನೊಂದು ತೊಡಕನ್ನೂ ಬಿಡಿಸಬೇಕು. 250 ವಾಟ್‌ವರೆಗಿನ, ಗಂಟೆಗೆ 25 ಕಿ.ಮೀ. ಮೀರದ ಬ್ಯಾಟರಿ ಗಾಡಿಗಳು ಈಗಿನ ನಿಯಮದಲ್ಲಿ ಮೋಟಾರು ವಾಹನ ಅಲ್ಲ. ನೋಂದಣಿ, ಲೈಸೆನ್ಸ್ ಬೇಡ. ಬೆಂಗಳೂರಿನ ಎಷ್ಟೋ ಡೆಲಿವರಿ ಹುಡುಗರು ಓಡಿಸುವುದು ಇವನ್ನೇ. ಇವು ಮೋಟಾರಿಲ್ಲದ ವಾಹನವೂ ಅಲ್ಲ. ಸೈಕಲ್ ಲೇನ್‌ನಲ್ಲಿ ಇವಕ್ಕೆ ಜಾಗ ಇದೆಯೇ? ಕೊಟ್ಟರೆ ಲೇನ್ ಬೇಗ ತುಂಬುತ್ತದೆ, ಖಾಲಿ ಎಂಬ ದೂರು ತಾನಾಗೇ ಹೋಗುತ್ತದೆ. ಆದರೆ ತುಳಿದು ಹೋಗುವ ನಿಧಾನದ ಸವಾರರಿಗೆ, ಮಕ್ಕಳಿಗೆ ಅವುಗಳ ವೇಗ ಕಷ್ಟವಾಗಬಹುದು. ಕೊಡದಿದ್ದರೆ ಆ ಹುಡುಗರು ಲಾರಿಗಳ ನಡುವೆಯೇ ಇರುತ್ತಾರೆ. ಅಗಲವಾದ ಲೇನ್ ಮಾಡಿ, ವೇಗದ ಮಿತಿ ಇಟ್ಟು, ಇಬ್ಬರನ್ನೂ ಒಳಗೆ ಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಮೋಟಾರು ವಾಹನ ಕಾಯ್ದೆಯ 212ನೇ ಸೆಕ್ಷನ್ ಪ್ರಕಾರ ನಿಯಮಗಳನ್ನು ಏಕಾಏಕಿ ಜಾರಿ ಮಾಡುವಂತಿಲ್ಲ. ಮೊದಲು ಕರಡು ಪ್ರಕಟವಾಗಬೇಕು, ಜನರ ಆಕ್ಷೇಪಣೆ, ಸಲಹೆಗೆ ಸಮಯ ಕೊಡಬೇಕು. ಅದು ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಸವಾರರಿಗೆ ಎಷ್ಟು ದಂಡ ಎಂಬುದನ್ನಲ್ಲ. ಯಾವುದಾದರೂ ರಸ್ತೆಯಲ್ಲಿ ಸೈಕಲ್ ಬೇಡ ಎನ್ನುವ ಮೊದಲು ಪಕ್ಕದಲ್ಲಿ ಬೇರೆ ದಾರಿ ಕೊಡಲೇಬೇಕು ಎಂಬ ಷರತ್ತು ಇದೆಯೇ? ಜಂಕ್ಷನ್‌ನಲ್ಲಿ ಲೇನ್ ಮುಂದುವರಿಯಬೇಕು ಎಂದಿದೆಯೇ? ಲೇನ್‌ನ ಕಂಬ ಮುರಿದರೆ, ಸ್ಲ್ಯಾಬ್ ಕುಸಿದರೆ ಸರಿಪಡಿಸಬೇಕಾದ ಅಧಿಕಾರಿಯ ಹುದ್ದೆ ಯಾವುದು, ದಿನ ಎಷ್ಟು, ದುಡ್ಡು ಯಾವ ಲೆಕ್ಕದಿಂದ ಎಂದು ಬರೆದಿದ್ದಾರೆಯೇ? ಇಲ್ಲದಿದ್ದರೆ ಆಕ್ಷೇಪಣೆ ಬರೆಯಬೇಕು. ಸೈಕಲ್ ತುಳಿಯುವ ಸೆಕ್ಯುರಿಟಿಯವರಿಗೆ, ಕಟ್ಟಡ ಕೆಲಸದವರಿಗೆ ರಾಜ್ಯಪತ್ರ ತೆಗೆದು ಓದುವ ಪುರುಸೊತ್ತು ಇರುವುದಿಲ್ಲ. ನಿವಾಸಿ ಸಂಘಗಳು, ಕಾರ್ಮಿಕ ಸಂಘಗಳು, ಸೈಕಲ್ ಕ್ಲಬ್‌ಗಳು ಅವರ ಹತ್ತಿರ ಹೋಗಿ, ಅವರು ದಿನಾ ಹೋಗುವ ದಾರಿ ಯಾವುದು, ಎಲ್ಲಿ ಇಳಿದು ತಳ್ಳಬೇಕಾಗುತ್ತದೆ ಎಂದು ಕೇಳಿ, ಅದನ್ನೇ ಅರ್ಜಿಯಲ್ಲಿ ಬರೆದು ಕೊಡಬಹುದು.